ಕರೆಮ್ಮ ಕಾಯ್ದ ಸೊನ್ನೆ

ಹಂಪಿಯ ಅರಸರಿಗೆ ಆನೆಲಾಯವಿತ್ತು, ಕಮಲ ಮಹಲಿತ್ತು, ರಾಣಿಯರು ಮೀಯುವುದಕ್ಕೆಂದೇ ಕಟ್ಟಿಸಿದ ಕೊಳವಿತ್ತು. ಗಾದಿಗನೂರಿನ ಕರೆಮ್ಮನಿಗೆ ಇದ್ದದ್ದು ಹತ್ತಡಿ ಉದ್ದ, ಎಂಟಡಿ ಅಗಲದ ಕತ್ತಲು. ಅರಸರ ಆಸ್ತಿಯನ್ನು ಈಗ ಯಾರು ಬೇಕಾದರೂ ಟಿಕೆಟ್ಟು ಹರಿಸಿ ನೋಡಬಹುದು. ಕರೆಮ್ಮನ ಕತ್ತಲಿಗೆ ಟಿಕೆಟ್ಟಿಲ್ಲ. ಅಲ್ಲಿಗೆ ಕೇಂದ್ರದ ಮುಖ್ಯಸ್ಥರಾದ ಭಾರ್ಗವ್ ಅವರೇ ಬಂದರೂ ಹೊರಬಾಗಿಲು ತಟ್ಟಿ, "ಬರಲೇನ್ರಿ ಕರೆಮ್ಮ?" ಎಂದು ಕೇಳಿ, ಒಳಗಿನಿಂದ ಅಪ್ಪಣೆಯಾದ ಮೇಲಷ್ಟೇ ಪರದೆ ಸರಿಸಬೇಕು.

ಈ ಕತ್ತಲು ಇದ್ದದ್ದು ಕಡ್ಡಿರಾಂಪುರದ ರಸ್ತೆಯಲ್ಲಿ, ಬಾಳೆತೋಟಗಳನ್ನು ದಾಟಿದ ಮೇಲೆ ಸಿಗುವ ಒಂದು ಚಿಕ್ಕ ಬೀಜ ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ. ಎರಡು ಬಾಗಿಲು, ನಡುವೆ ಕಪ್ಪು ಪರದೆ. ಒಳಗೆ ಒಂದು ಮೇಜು, ಒಂದು ಸ್ಟೂಲು, ಸಸಿಗಳನ್ನಿಡುವ ತಗಡಿನ ಬೀರು. ಗೋಡೆಯ ಹಲಗೆಯ ಮೇಲೆ ಒಂದು ಹಳೆಯ ಲಾಂದ್ರ. ಹೊಸಪೇಟೆಯಲ್ಲಿ ಮುಚ್ಚಿಹೋದ ಫೋಟೋ ಸ್ಟುಡಿಯೋ ಒಂದರಿಂದ ಬಂದದ್ದು ಅದು: ತಗಡಿನ ಡಬ್ಬಿ, ಒಳಗೆ ಬಲ್ಬು, ಮುಂದೆ ಕೆಂಪು ಗಾಜು. ಎಷ್ಟೋ ಮದುಮಕ್ಕಳ ಮುಖಗಳು ಅದರ ಬೆಳಕಿನಲ್ಲಿ ನೀರಿನ ತಟ್ಟೆಯೊಳಗಿಂದ ಮೆಲ್ಲಗೆ ಎದ್ದು ಬಂದಿದ್ದವು. ಈಗ ಅದೇ ಬೆಳಕಿನಲ್ಲಿ ಸಸಿಗಳು ಏಳುತ್ತಿದ್ದವು. ಕೆಂಪು ಬೆಳಕು ಮನುಷ್ಯರಿಗೆ ದಾರಿ ತೋರಿಸುತ್ತದೆ, ಆದರೆ ಅದಕ್ಕಾಗಿ ಸಸಿ ತಲೆ ತಿರುಗಿಸುವುದಿಲ್ಲ. ಹೀಗಾಗಿ ಕರೆಮ್ಮ ಸಸಿಗಳನ್ನು ನೋಡಬಹುದಿತ್ತು, ಸಸಿಗಳ ಪಾಲಿಗೆ ಅದು ಬರೀ ಕತ್ತಲೆ.

ಕೆಲಸ ಏನೆಂದು ಹೇಳುವುದು ಸುಲಭ. ಸಸಿಯ ತುದಿಯಲ್ಲಿ ಒಂದು ರಸ ಹುಟ್ಟುತ್ತದೆ. ಕೆಳಗಿಳಿದು ಮೈಗೆ "ಬೆಳೆ" ಎಂದು ಹೇಳುತ್ತದೆ. ಆಕ್ಸಿನ್ ಎಂದು ಅದರ ಹೆಸರು, ಬೆಳವಣಿಗೆಯ ಹಾರ್ಮೋನು ಎಂದು ಅದರ ಹುದ್ದೆ. ಎಷ್ಟಿರುತ್ತದೆ? ಲೋಕದ ಯಾವ ತಕ್ಕಡಿಯೂ ನಾಚಿಕೊಳ್ಳುವಷ್ಟು ಕಡಿಮೆ. ಅದನ್ನು ಅಳೆಯುವ ದೊಡ್ಡ ಯಂತ್ರ ಬೆಂಗಳೂರಿನಲ್ಲಿದೆ, ಅದರ ಮುಂದಿನ ಸರದಿ ತಿರುಪತಿಯ ಸರದಿಗಿಂತ ಉದ್ದವಿದೆ. ಭಾರ್ಗವ್ ಹಳೆಯ ಕಾಲದ ಉಪಾಯ ಹಿಡಿದಿದ್ದರು: ಸಸಿಯಲ್ಲಿರುವುದನ್ನು ಸಸಿಯಿಂದಲೇ ಅಳೆಯುವುದು.

ಮೊದಲು ಜೋಳದ ಸಸಿಗಳ ತುದಿ ಕತ್ತರಿಸಿ, ಕಡಲಪಾಚಿಯಿಂದ ಮಾಡಿದ ಜೆಲ್ಲಿಯ ಮೇಲೆ ಎರಡು ಗಂಟೆ ನಿಲ್ಲಿಸಬೇಕು. ರಸ ಜೆಲ್ಲಿಗೆ ಇಳಿಯುತ್ತದೆ. ಆ ಜೆಲ್ಲಿಯನ್ನು ಹಾಲುಬಾಯಿ ಮಿಠಾಯಿ ಕೊಯ್ದಂತೆ, ಆದರೆ ಸಾಸಿವೆಗಿಂತ ತುಸುವೇ ದೊಡ್ಡದಾಗಿ, ತುಂಡು ಮಾಡಬೇಕು. ಇನ್ನು ಕತ್ತಲಲ್ಲಿ ನೆಟ್ಟಗೆ ಬೆಳೆದ ಓಟ್ಸ್ ಸಸಿಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತಲೆ ಹಾರಿಸಿ, ಕತ್ತಿನ ಬಲಬದಿಗೆ ಒಂದೊಂದು ತುಂಡನ್ನು ಕೂಡಿಸಬೇಕು. ಬಲಬದಿಗೆ ಮಾತ್ರ ರಸ ಇಳಿದು ಆ ಬದಿ ಬೇಗ ಬೆಳೆಯುತ್ತದೆ, ಸಸಿ ಎಡಕ್ಕೆ ಬಾಗುತ್ತದೆ. ತೊಂಬತ್ತು ನಿಮಿಷ ಬಿಟ್ಟು ಎಷ್ಟು ಡಿಗ್ರಿ ಬಾಗಿತೆಂದು ನೋಡಿದರೆ ಎಷ್ಟು ರಸವಿತ್ತೆಂದು ಗೊತ್ತಾಗುತ್ತದೆ.

ಪಕ್ಕದಲ್ಲೇ ಇನ್ನೊಂದು ಸಾಲು. ಅದರ ಕತ್ತಿನ ಮೇಲೆ ಕೂರುವುದು ರಸವಿಲ್ಲದ ಬರೀ ಜೆಲ್ಲಿ. ಆ ಸಾಲು ಬಾಗಕೂಡದು. ಅದನ್ನು ಕೇಂದ್ರದಲ್ಲಿ ಎಲ್ಲರೂ "ಸೊನ್ನೆ" ಎನ್ನುತ್ತಿದ್ದರು. ಸೊನ್ನೆ ನೆಟ್ಟಗಿದ್ದರೆ ಉಳಿದ ಲೆಕ್ಕವೆಲ್ಲ ನಿಜ. ಸೊನ್ನೆ ಬಾಗಿದರೆ ಉಳಿದದ್ದೆಲ್ಲ ಅಂತೆಕಂತೆ. ಹನ್ನೆರಡು ಓಟ್ಸ್ ಕಡ್ಡಿಗಳ ಆ ಸಾಲನ್ನು ಕಾಯುವ ದಂಡನಾಯಕಿ ಕರೆಮ್ಮ.

ದಂಡನಾಯಕಿಯ ಪೂರ್ವಚರಿತ್ರೆ ಪೂರ್ತಿ ಬಿಸಿಲಿನದು. ಹದಿನಾರರಿಂದ ಇಪ್ಪತ್ತಾರರವರೆಗೆ ಸಂಡೂರಿನ ಗುಡ್ಡಗಳ ಗಣಿಗಳಲ್ಲಿ ಅದಿರಿನ ಬುಟ್ಟಿ ಹೊತ್ತಳು. ತಲೆಗೂದಲು, ರೊಟ್ಟಿ, ಕನಸು ಎಲ್ಲ ಕೆಂಪಾಗಿದ್ದ ಕಾಲ. ಗಂಡ ಹಂಪೇಶನಿಗೆ ದೋಣಿಮಲೈ ಗಣಿಯ ಸಿಬ್ಬಂದಿ ಬಸ್ಸು ಓಡಿಸುವ ಕೆಲಸ ಸಿಕ್ಕ ಮೇಲೆ ಬುಟ್ಟಿ ಇಳಿಸಿ, ಹನ್ನೊಂದು ವರ್ಷದ ಹಿಂದೆ ಈ ಕೇಂದ್ರಕ್ಕೆ ಕಸ ಗುಡಿಸಲು ಬಂದಳು. ಬಂದ ಮೂರನೇ ದಿನ ಹೊರಗೆ ಚೆಲ್ಲಲು ಇಟ್ಟಿದ್ದ ಸಸಿಗಳ ತಟ್ಟೆ ನೋಡಿ ಭಾರ್ಗವ್ ಅವರನ್ನೇ ಕೇಳಿಬಿಟ್ಟಳು:

"ಸರ್, ಇವ್ನ ಯಾರ್ ಬೆಳೆಸ್ಯಾರ್ರಿ?"

"ಯಾಕ್ರಿ?"

"ಒಂದೂ ನೆಟ್ಟಗಿಲ್ರಿ. ಕುಡದು ಬಂದ ಬೀಗರಂಗ ನಿಂತಾವ. ಘಟದ ಸಸಿ ಹಿಂಗ ಬಂದಿದ್ರ ನಮ್ಮಾವ ನನ್ನ ಮನಿ ಬಿಟ್ಟು ಓಡಿಸ್ತಿದ್ದ."

ಭಾರ್ಗವ್ ಮಧ್ವ ಮನೆತನದವರು, ಘಟ ಎಂದರೆ ನವರಾತ್ರಿಯಲ್ಲಿ ದೇವರ ಮುಂದೆ ಬೆಳೆಸುವ ಸಸಿಯೆಂದು ಗೊತ್ತಿತ್ತು. ಆದರೆ ಅದು ಸಸ್ಯಶಾಸ್ತ್ರದ ಪಾಠಕ್ಕೆ ಸೇರಿದ್ದೆಂದು ಆವರೆಗೆ ಗೊತ್ತಿರಲಿಲ್ಲ. "ನೀವು ಬೆಳೆಸಿ ತೋರಿಸ್ರಿ ಹಂಗಾರ" ಎಂದರು. ಎಷ್ಟು ತಾಸು ನೆನೆಸಬೇಕು, ಉಸುಕು ಎಷ್ಟು ಹಸಿಯಿರಬೇಕು, ಕಾಳಿನ ಯಾವ ಬದಿ ಮೇಲಿರಬೇಕು ಎಂಬುದು ಕರೆಮ್ಮನ ಬೆರಳಿಗೆ ಗೊತ್ತಿತ್ತು. ನಾಲ್ಕನೇ ದಿನ ಬೀರುವಿನಿಂದ ಹೊರಬಂದ ಸಸಿಗಳು ಅರಿಶಿನದ ಕಡ್ಡಿಗಳಂತೆ ನಿಂತಿದ್ದವು. ಅವತ್ತೇ ಪೊರಕೆ ಬೇರೆಯವರ ಕೈಗೆ ಹೋಯಿತು.

ಈ ಕೋಣೆಯಲ್ಲಿ ಕರೆಮ್ಮನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆ ತೊಂಬತ್ತು ನಿಮಿಷ. ತುಂಡುಗಳನ್ನು ಕೂಡಿಸಿದ ಮೇಲೆ ಮಾಡಲು ಏನೂ ಇಲ್ಲ, ಹೊರಗೆ ಹೋಗುವಂತಿಲ್ಲ, ಯಾರೂ ಕರೆಯುವಂತಿಲ್ಲ. ಸ್ಟೂಲಿನ ಮೇಲೆ ಕುಳಿತು ಸೆರಗು ಹೊದ್ದುಕೊಂಡರೆ ಕೆಂಪು ಬೆಳಕು ಮೊದಲು ಗೋಡೆಗಳನ್ನು ಕರಗಿಸುತ್ತಿತ್ತು, ಆಮೇಲೆ ವಯಸ್ಸನ್ನು. ಸಂಡೂರಿನ ಮಣ್ಣಿನೊಳಗೆ ತಾನೇ ಒಂದು ಕಾಳಾಗಿ ಮಲಗಿದಂತೆ. ಮೇಲೆ ಯಾರೋ ನಡೆದಾಡುವ ಸದ್ದು, ಬುಟ್ಟಿ ಹೊತ್ತ ಹೆಂಗಸರ ಬಳೆಯ ಸದ್ದು, ಅದರಲ್ಲೊಂದು ಬಳೆ ತನ್ನದೇ. ಮಣ್ಣು ಬೆಚ್ಚಗಿದೆ. ತಲೆಯ ಮೇಲೆ ಏನೋ ಗಟ್ಟಿಯಾಗಿದೆ, ತಳ್ಳಬೇಕು, ಅವಸರವಿಲ್ಲ. ತಳ್ಳುತ್ತ ತಳ್ಳುತ್ತ ಮಣ್ಣು ನೀರಾಗುತ್ತದೆ, ತುಂಗಭದ್ರೆಯಾಗುತ್ತದೆ. ತಾನು ಕೂತಿರುವುದು ಹರಿಗೋಲಿನಲ್ಲಿ. ಅದು ತಿರುಗುತ್ತಿದೆ, ಹಂಪಿಯ ಬಂಡೆಗಳೆಲ್ಲ ಒಂದೊಂದಾಗಿ ಬಂದು ಮುಖ ತೋರಿಸಿ ಹೋಗುತ್ತಿವೆ, ಸಂತೆಯಲ್ಲಿ ಸಿಕ್ಕ ಪರಿಚಯದವರಂತೆ. ಅಷ್ಟರಲ್ಲಿ ಗಡಿಯಾರ ಟಿಣ್ ಎನ್ನುತ್ತಿತ್ತು. ಕಣ್ಣು ಬಿಟ್ಟರೆ ಜೋಳದ ರಸ ಕುಡಿದ ಸಾಲು ಎಡಕ್ಕೆ ಬಾಗಿ ನಮಸ್ಕಾರ ಮಾಡುತ್ತಿತ್ತು. ಸೊನ್ನೆ ಯಾರಿಗೂ ನಮಸ್ಕಾರ ಮಾಡದೆ ನೆಟ್ಟಗೆ ನಿಂತಿರುತ್ತಿತ್ತು.

ಮೂರು ವರ್ಷದಿಂದ ಈ ಲೆಕ್ಕವೆಲ್ಲ ಹೊಸಪೇಟೆಯ ಶುಭಾ ಎಂಬ ಸಂಶೋಧಕಿಯ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಸಂಡೂರಿನ ಇಳಿಜಾರುಗಳ ಹಳೆಯ ಜೋಳ, ಮಳೆ ಬಿದ್ದು ಒಣಗಿ ಹಪ್ಪಳದಂತಾದ ಕೆಂಪುಮಣ್ಣನ್ನು ಒಡೆದು ಮೇಲೆ ಬರುತ್ತದೆ. ಹೊಸ ತಳಿಗಳು ಒಳಗೇ ಉಳಿಯುತ್ತವೆ. ಹಳೆಯದರ ತುದಿಯಲ್ಲಿ ಅಂಥದ್ದೇನಿದೆ, ಎಷ್ಟಿದೆ? ಇದು ಶುಭಾಳ ಪ್ರಶ್ನೆ. ಉತ್ತರ ಬರುವುದರಲ್ಲಿತ್ತು. ಅಷ್ಟರಲ್ಲಿ ನವರಾತ್ರಿ ಬಂತು.

ನವರಾತ್ರಿಯಲ್ಲಿ ಕರೆಮ್ಮನಿಗೆ ಎರಡು ರಾಜ್ಯಗಳ ಆಡಳಿತ. ಮನೆಯಲ್ಲಿ ದೇವರ ಕೋಣೆಯ ಕತ್ತಲಲ್ಲಿ ಪರಾತವೆಂಬ ಅಗಲವಾದ ಮಣ್ಣಿನ ತಟ್ಟೆಗೆ ಜೋಳ, ಗೋಧಿ ಬಿತ್ತಿ ಘಟ ಹಾಕಿ, ಪಕ್ಕದಲ್ಲಿ ಒಂಬತ್ತು ದಿನ ಆರದಂತೆ ದೀಪ ಇಡಬೇಕು. ಹತ್ತನೇ ದಿನ ಮಾವ ಉಚ್ಚೆಂಗೆಪ್ಪ ರುಮಾಲು ಸುತ್ತಿಕೊಂಡು ಬಂದು, ಓಣಿಯ ಹತ್ತು ಜನರ ಮುಂದೆ ಘಟದ ಸಸಿ ಯಾವ ಕಡೆ ವಾಲಿದೆ ಎಂದು ನೋಡಿ ಹಿಂಗಾರಿಯ ಭವಿಷ್ಯ ಹೇಳುತ್ತಾನೆ. ಸಂಡೂರಿನ ಗುಡ್ಡದ ಕಡೆ ವಾಲಿದರೆ ಮಳೆ. ಕಂಪ್ಲಿಯ ಕಡೆ ವಾಲಿದರೆ ಕಾಲುವೆಯವರಿಗೆ ಸುಖ, ಗಾದಿಗನೂರಿಗೆ ಬರೀ ಮೋಡ. ಉಪಗ್ರಹವಿಲ್ಲದ ಹವಾಮಾನ ಇಲಾಖೆ ಎಂದರೆ ಉಚ್ಚೆಂಗೆಪ್ಪ.

ಕರೆಮ್ಮ ಸೊಸೆಯಾಗಿ ಬಂದ ಮೊದಲ ವರ್ಷ ಸಸಿ ಕಂಪ್ಲಿಯ ಕಡೆ ವಾಲಿತ್ತು. ಮಾವ ಒಂದು ತಿಂಗಳು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ, ಊಟದ ತಾಟಿನ ಮುಂದೆ ನಿಟ್ಟುಸಿರು ಬಿಟ್ಟು ಬಿಟ್ಟು ಮನೆಯವರ ಹಸಿವನ್ನೆಲ್ಲ ಊದಿ ಆರಿಸಿದ. ಆ ವರ್ಷ ದೀಪ ಇದ್ದದ್ದು ಕಂಪ್ಲಿಯ ದಿಕ್ಕಿಗೆ. ಮರುವರ್ಷ ಕರೆಮ್ಮ ಯಾರಿಗೂ ಹೇಳದೆ ದೀಪವನ್ನು ಸಂಡೂರಿನ ದಿಕ್ಕಿಗೆ ಸರಿಸಿದಳು. ಸಸಿ ಸಂಡೂರಿಗೆ ವಾಲಿತು. ಅಂದಿನಿಂದ ಗಾದಿಗನೂರಿಗೆ ಸತತವಾಗಿ ಶುಭಶಕುನ. ಮಳೆ ಮಾತ್ರ ಈ ಒಪ್ಪಂದಕ್ಕೆ ಯಾವತ್ತೂ ಸಹಿ ಹಾಕಿರಲಿಲ್ಲ, ತನಗೆ ತಿಳಿದಾಗ ಬಂದು ತಿಳಿದಾಗ ಹೋಗುತ್ತಿತ್ತು.

ಇತ್ತ ಕೇಂದ್ರದಲ್ಲಿ ಆಯುಧಪೂಜೆ. ಫ್ರಿಜ್ಜು, ತಕ್ಕಡಿ, ಸೂಕ್ಷ್ಮದರ್ಶಕ, ಪ್ರಿಂಟರು, ಜೀಪು ಎಲ್ಲಕ್ಕೂ ಸ್ನಾನ, ಕುಂಕುಮ, ಸೇವಂತಿಗೆ. ಕರೆಮ್ಮ ತನ್ನ ಕತ್ತಲೆಕೋಣೆಯನ್ನು ಎರಡು ದಿನ ತೊಳೆದಳು. ಬೀರು ಮಿಂಚಿತು, ಮೇಜು ಮಿಂಚಿತು. ಕೊನೆಗೆ ಸ್ಟುಡಿಯೋದ ಲಾಂದ್ರವನ್ನು ಕೆಳಗಿಳಿಸಿ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ಎಂಟೆಂಟು ಪದರ ಜಿಡ್ಡು ಹೋಯಿತು. ಹಿಂಬದಿಗೆ ಅಂಟಿದ್ದ ಎಂಥದೋ ಹಳೆಯ ಕರಿ ಕಾಗದದ ಚೂರು ಹೋಯಿತು. ಒಳಗಿಂದ ಹೊಸ ಲಾಂದ್ರವೇ ಹುಟ್ಟಿ ಬಂದಿತು. ಭಾರ್ಗವ್ ಮಂಗಳಾರತಿಗೆ ಬಂದವರು ಬಾಯಿ ತುಂಬ ಹೊಗಳಿದರು:

"ಏನ್ರಿ ಕರೆಮ್ಮ, ಲಾಂದ್ರ ಲಕಲಕ ಅಂತದ. ನಮ್ಮ ಜೀಪ್ ತೊಳೆಯೋರು ನಿಮ್ಮನ್ನ ನೋಡಿ ಕಲೀಬೇಕು."

ಹಬ್ಬ ಮುಗಿಸಿ, ಸಂಡೂರಿನ ಕಡೆ ವಾಲಿದ ಘಟದ ಸಸಿಯನ್ನು ಮುಡಿದುಕೊಂಡು ಕರೆಮ್ಮ ಕೆಲಸಕ್ಕೆ ಬಂದಳು. ಕೋಣೆಗೆ ಏನೋ ಒಂದು ಕಳೆ ಬಂದಿದೆ ಅನ್ನಿಸಿತು. ಲಾಂದ್ರದ ಸುತ್ತ ತೆಳುವಾದ ಪ್ರಭೆ ಇದ್ದಂತೆ. ಪೂಜೆ ತಾಯಿಗೆ ಮುಟ್ಟಿದೆ ಎಂದುಕೊಂಡು ಕೈ ಮುಗಿದಳು.

ತೊಂಬತ್ತು ನಿಮಿಷದ ಮೇಲೆ ಗಡಿಯಾರ ಟಿಣ್ ಎಂದಿತು. ಶುಭಾ ಬಂದು ಗ್ರಾಫ್ ಹಾಳೆಯ ಮುಂದೆ ಸಾಲು ಹಿಡಿದು ಕೋನ ನೋಡಿದಳು. ಜೋಳದ ಸಾಲು ಇಪ್ಪತ್ತೈದು. ಸೊನ್ನೆ ಏಳು.

"ಏಳು?" ಎಂದಳು ಕರೆಮ್ಮ.

"ಏಳು. ಎಡಕ್ಕೇ ಬಾಗ್ಯಾವ. ಕರೆಮ್ಮಕ್ಕ, ಬರೀ ಜೆಲ್ಲಿ ಇಟ್ಟಿದ್ರಿ ಹೌದಿಲ್ಲೋ?"

"ಬರೀ ಜೆಲ್ಲೀನ ಇಟ್ಟೇನ್ರಿ ಮೇಡಂ. ಹನ್ನೊಂದು ವರ್ಷದಾಗ ಬ್ಯಾರೆ ಏನರ ಇಟ್ಟೇನೇನು?"

ಮರುದಿನ ಆರು. ಅದರ ಮರುದಿನ ಎಂಟು. ವಾರವಿಡೀ ಸೊನ್ನೆ ಸೊನ್ನೆಯಾಗಲಿಲ್ಲ. ಶುಕ್ರವಾರ ಭಾರ್ಗವ್ ತಮ್ಮ ಕೋಣೆಗೆ ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಕೆಟ್ಟ ಮಾತನ್ನು ಮೆತ್ತಗೆ ಆಡಿದರೆ ಅದು ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಇಟ್ಟುಕೊಂಡವರು.

"ಸೊನ್ನೆಯ ಜೆಲ್ಲಿಗೆ ಜೋಳದ ರಸ ಎಲ್ಲಿಂದಲೋ ತಾಗಲಿಕ್ಕೆ ಹತ್ತೇದ. ಬ್ಲೇಡಿನಿಂದ ಇರಬಹುದು, ಇಲ್ಲಾ..." ಎಂದು ಕನ್ನಡಕ ಒರೆಸಿದರು. "ಕೈ ಸರಿಯಾಗಿ ತೊಳ್ಕೊಂತೀರೇನ್ರಿ ಕರೆಮ್ಮ?"

ಆ ಪ್ರಶ್ನೆಯನ್ನು ಕರೆಮ್ಮ ಬೇರೆ ಬೇರೆ ಕಡೆ, ಬೇರೆ ಬೇರೆ ಬಾಯಿಂದ ಕೇಳಿ ಬಲ್ಲವಳು. ಈ ಕಟ್ಟಡದಲ್ಲಿ ಕೇಳಿದ್ದು ಅದೇ ಮೊದಲು.

"ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಒಂದು ಕಡೇ ಪ್ರಯೋಗ ಮಾಡೋಣು. ಆವತ್ತೂ ಸೊನ್ನೆ ಬರಲಿಲ್ಲಂದ್ರ ಶುಭಾನ ಸ್ಯಾಂಪಲ್ ಬೆಂಗಳೂರಿಗೆ ಕಳಿಸ್ತೀನಿ. ಆ ಕೋಣೆ ಬೀಜದ ಚೀಲಕ್ಕಾಗ್ತದ. ನಿಮಗ ಗೇಟಿನ ಹತ್ರ ನರ್ಸರಿ ನೋಡ್ಕೊಳ್ಳೋ ಕೆಲಸ. ಚಲೋ ಬಿಸಿಲದ ಅಲ್ಲಿ."

ಚಲೋ ಬಿಸಿಲು! ಹತ್ತು ವರ್ಷ ಸಂಡೂರಿನ ಬಿಸಿಲು ತಿಂದವಳಿಗೆ ಚಲೋ ಬಿಸಿಲಿನ ಆಸೆ ತೋರಿಸಿದ ಮೊದಲ ಮನುಷ್ಯ ಭಾರ್ಗವ್.

ಮುಂದಿನ ದಿನಗಳಲ್ಲಿ ಕಡ್ಡಿರಾಂಪುರ ರಸ್ತೆ ಕಂಡ ತೊಳೆತವನ್ನು ಯಾವ ಪುರಾಣವೂ ಕಂಡಿಲ್ಲ. ಬ್ಲೇಡುಗಳು ಕುದಿಯುವ ನೀರಿನಲ್ಲಿ ತಪಸ್ಸು ಮಾಡಿದವು. ಜೆಲ್ಲಿ ಮೂರು ಸಲ ಹೊಸದಾಗಿ ಬೆಂದಿತು. ಕರೆಮ್ಮ ಸಾಬೂನಿನಿಂದ ಮೊಣಕೈವರೆಗೆ ತೊಳೆದು, ಬಿಸಿನೀರಿನಿಂದ ತೊಳೆದು, ಸ್ಪಿರಿಟ್ಟಿನಿಂದ ಒರೆಸಿ, ಬೆರಳು ನೆನೆದ ಒಣದ್ರಾಕ್ಷಿಯಂತಾಗುವವರೆಗೆ ತೊಳೆದಳು. ಸಸಿಗಳನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಸಾಲು ಮಾಡಲು ಅರ್ಧ ಗಂಟೆ ಹಿಡಿಯುತ್ತಿತ್ತು. ಆಗ ಒಂದೊಂದನ್ನೂ ನೋಡಿ, ಕೂದಲೆಳೆಯಷ್ಟು ಓರೆಯಿದ್ದರೂ ಕಿತ್ತೆಸೆದು, ನೆಟ್ಟಗಿದ್ದವನ್ನೇ ಉಳಿಸಿ ತಲೆ ಕತ್ತರಿಸುತ್ತಿದ್ದಳು. ತೊಂಬತ್ತು ನಿಮಿಷದ ಮೇಲೆ: ಏಳು.

ಈಗ ಸ್ಟೂಲಿನ ಮೇಲೆ ಕೂತರೆ ಕನಸು ಬರುತ್ತಿರಲಿಲ್ಲ. ಹರಿಗೋಲು ದಡದಲ್ಲೇ ನಿಂತಿತ್ತು. ಬಂಡೆಗಳು ಮುಖ ತಿರುಗಿಸಿಕೊಂಡಿದ್ದವು.

ಬುಧವಾರ ಬೆಳಿಗ್ಗೆ ಮಾವನ ರುಮಾಲಿನಲ್ಲಿ ಘಟದ ಸಸಿಯ ಒಣಗಿದ ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಚಹಾ ಕೊಡುತ್ತ ಕರೆಮ್ಮ ಕೇಳಿದಳು:

"ಮಾವ, ಸಸಿ ಸುಮ್ ಸುಮ್ಮನ ಬಾಗತಾವೇನ್ರಿ?"

ಉಚ್ಚೆಂಗೆಪ್ಪ ಬಸಿಯಲ್ಲಿ ಚಹಾ ಆರಿಸುತ್ತಿದ್ದ. "ಸುಮ್ಮನ ಯಾಕ ಬಾಗತಾವ ಯವ್ವಾ? ಏನರ ಕಂಡಿರತಾವ, ಅದಕ್ಕ ಬಾಗತಾವ." ಹಾಗೆಂದು ಸೊಸೆಯ ಮುಖವನ್ನು ಬೇಕಾದದ್ದಕ್ಕಿಂತ ಒಂದು ಕ್ಷಣ ಹೆಚ್ಚಾಗಿ ನೋಡಿದ.

ಕರೆಮ್ಮ ತನ್ನ ಚಹಾದ ಕಪ್ಪು ಕೆಳಗಿಟ್ಟಳು. ಕಂಡಿರತಾವ. ಕತ್ತಲಲ್ಲಿ ಏನು ಕಾಣುತ್ತದೆ?

ಆವತ್ತು ಆಕೆ ಮನೆಯ ಪರಾತವನ್ನೇ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕೇಂದ್ರದ ಬೀರುವಿನೊಳಗೆ, ಓಟ್ಸ್ ತಟ್ಟೆಗಳ ಕೆಳಗಿನ ಅಂಕಣದಲ್ಲಿ, ಒಂದು ಘಟ ಹಾಕಿದಳು. ಶನಿವಾರಕ್ಕೆ ಜೋಳ ಅರ್ಧ ಬೆರಳುದ್ದ ಎದ್ದಿತ್ತು, ಹಳದಿಯಾಗಿ, ನೆಟ್ಟಗೆ, ದುಂಡಗೆ ನಿಂತ ಸಭೆಯಂತೆ. ಕೆಂಪು ಬೆಳಕಿನಲ್ಲಿ ಅದನ್ನು ಮೇಜಿನ ನಟ್ಟನಡುವೆ ಇಟ್ಟಳು. ತಲೆ ಕತ್ತರಿಸಲಿಲ್ಲ, ಜೆಲ್ಲಿ ಇಡಲಿಲ್ಲ, ಬ್ಲೇಡಂತೂ ಕೋಣೆಯಲ್ಲೇ ಇರಲಿಲ್ಲ.

ಶುಭಾ ಪರದೆ ಸರಿಸಿ ಬಂದವಳು ಬೆಚ್ಚಿದಳು. "ಅಯ್ಯ, ಇದೇನ್ರಿ ಕರೆಮ್ಮಕ್ಕ? ಲ್ಯಾಬ್‌ನ್ಯಾಗ ಮತ್ತ ಪೂಜೆ?"

"ಪೂಜಿ ಅಲ್ರಿ ಮೇಡಂ, ಪಂಚಾಯ್ತಿ. ನನ್ನ ಕೈ ಹೊಲಸು ಅಂದ್ರಲ್ಲ ಸಾಹೇಬ್ರು. ಇವು ಎದ್ದ ಮ್ಯಾಲೆ ಇವಕ್ಕ ನನ್ನ ಕೈ ತಾಗಿಲ್ಲ. ಇವೂ ಬಾಗಿದ್ರ?"

ಶುಭಾ ಇನ್ನೊಂದು ಸ್ಟೂಲು ತಂದು ಪಕ್ಕದಲ್ಲಿ ಕೂತಳು. ಇಬ್ಬರೂ ಕಾದರು. ಮೂರು ವರ್ಷದಲ್ಲಿ ಶುಭಾ ಆ ಕೋಣೆಯಲ್ಲಿ ಸುಮ್ಮನೆ ಕೂತದ್ದು ಅದೇ ಮೊದಲ ಸಲ. ಸ್ವಲ್ಪ ಹೊತ್ತಿಗೆ ಪಿಸುಮಾತಿನಲ್ಲಿ, "ಇಲ್ಲಿ ಕುಂತ್ರ ಕೆಂಪು ನೀರಾಗ ಮುಳುಗಿದಂಗ ಆಗ್ತದಲ್ರಿ" ಎಂದಳು.

"ತಳಕ್ಕ ಹೋದ ಮ್ಯಾಲೆ ಭಾಳ ಚಂದ ಇರತದ್ರಿ," ಎಂದಳು ಕರೆಮ್ಮ.

ಎರಡು ಗಂಟೆ ಕಳೆಯುವ ಹೊತ್ತಿಗೆ ಸಭೆ ಅಲುಗಾಡಿತು. ಪರಾತದ ತುಂಬ ನಿಂತ ನೂರಾರು ಸಸಿಗಳು, ಈ ಬದಿಯವು, ಆ ಬದಿಯವು, ನಡುವಿನವು, ಎಲ್ಲ ಒಂದೇ ಕಡೆಗೆ ತಲೆ ವಾಲಿಸಿದ್ದವು. ಸಾಲಿನಲ್ಲಿ ನಿಂತಾಗ ಎಡಕ್ಕೆ ಬಾಗಿದ್ದು ಜೆಲ್ಲಿಯಿಂದಲೋ ಬೇರೆಯದರಿಂದಲೋ ಗೊತ್ತಾಗುತ್ತಿರಲಿಲ್ಲ. ದುಂಡಗೆ ನಿಂತಾಗ ಮುಚ್ಚಿಡಲು ಸಾಧ್ಯವಿರಲಿಲ್ಲ. ಅವು ನೋಡುತ್ತಿದ್ದದ್ದು ಎಡಗೋಡೆಯ ಹಲಗೆಯನ್ನು.

ಕರೆಮ್ಮ ಸ್ಟೂಲು ಹತ್ತಿದಳು. ಲಾಂದ್ರದ ಮುಂದಿನ ಕೆಂಪು ಗಾಜು ಸರಿಯಾಗಿಯೇ ಇತ್ತು. ಅದರ ಹಿಂದೆ ಕತ್ತು ಚಾಚಿ ನೋಡಿದಳು. ಬಲ್ಬಿನ ಬಿಸಿ ಹೋಗಲೆಂದು ತಗಡಿಗೆ ಹೊಡೆದಿದ್ದ ಮೂರು ತೂತು. ಅವುಗಳಿಂದ ಹೊರಬಿದ್ದ ಮೂರು ಬಿಳಿ ಚುಕ್ಕೆಗಳು ಸುಣ್ಣದ ಗೋಡೆಯ ಮೇಲೆ ಕಳ್ಳರಂತೆ ಕೂತಿದ್ದವು. ದೇವಿಯ ಪ್ರಭೆ!

ಹಳೆಯ ಕರಿ ಕಾಗದದ ಚೂರು ನೆನಪಾಯಿತು. ಆ ತೂತು ಮುಚ್ಚಲೆಂದೇ ಸ್ಟುಡಿಯೋದವನು ಅಂಟಿಸಿದ ಕಾಗದ. ಹುಣಸೆಹಣ್ಣು, ಬೂದಿ, ತನ್ನದೇ ಎರಡು ಕೈ.

ಕರೆಮ್ಮ ಸ್ಟೂಲಿನ ಮೇಲೆಯೇ ಒಂದು ಕ್ಷಣ ನಿಂತಳು. ಬೆನ್ನ ಹಿಂದೆ ಶುಭಾ, "ಏನಾದ್ರೂ ಕಂಡಿತೇನ್ರಿ?" ಎಂದು ಕೇಳುತ್ತಿದ್ದಳು. ಸೆರಗಿನ ಚುಂಗು ತುರುಕಿದರೆ ತೂತು ಮುಚ್ಚುತ್ತದೆ. ಸೋಮವಾರ ಸೊನ್ನೆ ಬರುತ್ತದೆ. ಕೋಣೆ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ದೀಪ ಸರಿಸಿ ಸುಮ್ಮನಿರುವ ವಿದ್ಯೆಯಲ್ಲಿ ಆಕೆಗೆ ಹದಿನೈದು ವರ್ಷಕ್ಕೂ ಮೀರಿದ ಅನುಭವವಿತ್ತು.

ಆದರೆ ಕೆಳಗೆ ನೂರಾರು ಸಸಿಗಳು ತಲೆ ವಾಲಿಸಿ ಅತ್ತಲೇ ನೋಡುತ್ತಿದ್ದವು. ಅಷ್ಟು ಜನರ ಮುಂದೆ ಸುಳ್ಳು ಹೇಳುವುದು ಕಷ್ಟ.

"ಸಾಹೇಬ್ರನ್ನ ಕರೀರಿ ಮೇಡಂ," ಎಂದಳು.

ಭಾರ್ಗವ್ ಬಾಗಿಲು ತಟ್ಟಿದರು, ಕೇಳಿದರು, ಒಳಗೆ ಬಂದರು. ಕರೆಮ್ಮ ಪರಾತ ತೋರಿಸಿದಳು, ಲಾಂದ್ರ ತಿರುಗಿಸಿ ತೂತು ತೋರಿಸಿದಳು. ಮೂರು ಬಿಳಿ ಕಡ್ಡಿಗಳಂತೆ ಬೆಳಕು ಅವರ ಅಂಗಿಯ ಮೇಲೆ ಬಿತ್ತು.

"ಸರ್, ಕೈ ತೊಳೀತೀಯೇನು ಅಂತ ಕೇಳಿದ್ರಿ. ತೊಳದೇನ್ರಿ. ತೊಳದದ್ದಾ ತಪ್ಪಾತು. ಇದಕ್ಕ ಕರಿ ಕಾಗದ ಹಚ್ಚಿದ್ರು, ನಾ ಹೊಲಸು ಅಂತ ಕಿತ್ತು ಒಗದೆ. ಆಯುಧಪೂಜಿ ದಿನ."

ಭಾರ್ಗವ್ ಬಹಳ ಹೊತ್ತು ಲಾಂದ್ರವನ್ನೇ ನೋಡಿದರು. ಅದು ಲಕಲಕ ಎನ್ನುತ್ತಿತ್ತು. ಹಾಗೆಂದು ಹೊಗಳಿದವರು ಯಾರು ಎಂಬುದು ಅವರಿಗೂ ನೆನಪಾದಂತಿತ್ತು.

"ಆದ್ರ ಸರ್," ಎಂದಳು ಶುಭಾ, "ನಾವು ತಲೆ ಕತ್ತರಿಸಿ ಬಿಡ್ತೀವಲ್ರಿ. ಬೆಳಕು ನೋಡೋದು ತುದಿ. ತುದಿ ಇಲ್ದ ಮ್ಯಾಲೆ ಹೆಂಗ ಬಾಗಿದವು?"

"ಕತ್ತರಿಸೋ ಮೊದ್ಲು ಅರ್ಧ ಗಂಟೆ ಮೇಜಿನ ಮ್ಯಾಲೆ ನಿಂತಿರ್ತಾವಲ್ಲ," ಎಂದರು ಭಾರ್ಗವ್ ನಿಧಾನವಾಗಿ, ಹಳೆಯ ಪಾಠ ನೆನಪಿಸಿಕೊಳ್ಳುವವರಂತೆ. "ಆವಾಗ ನೋಡಿಬಿಟ್ಟಾವ. ಬೆಳಕಿನ ಬದಿ ರಸ ಕಡಿಮೆ, ನೆರಳಿನ ಬದಿ ಹೆಚ್ಚು. ಅದು ಕೆಳಗ ಇಳದು ಹೋಗೇದ. ಆಮ್ಯಾಲೆ ತಲೆ ಹಾರಿಸಿದ್ರೂ ಮೈ ನೋಡಿದ್ದನ್ನ ಮರೀಲಿಲ್ಲ."

ಕೆಂಪು ಬೆಳಕಿನಲ್ಲಿ ಆ ಮಾತು ಸ್ವಲ್ಪ ಹೊತ್ತು ತೇಲುತ್ತಿತ್ತು.

"ನಿಮಗಿದು ಹೆಂಗ ಹೊಳೀತ್ರಿ ಕರೆಮ್ಮ?" ಎಂದು ಭಾರ್ಗವ್ ಕೇಳಿದರು.

"ನಮ್ಮನ್ಯಾಗ ವರ್ಷಾ ದೀಪ ಸರಸತೇನ್ರಿ," ಎಂದಳು ಕರೆಮ್ಮ. ಅಷ್ಟು ವರ್ಷದ ರಾಜರಹಸ್ಯ ಒಂದೇ ವಾಕ್ಯದಲ್ಲಿ ಹೊರಬಿತ್ತು. ಶುಭಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಭಾರ್ಗವ್ ನಗಲಿಲ್ಲ. "ಸೋಮವಾರ ನೋಡೋಣು," ಎಂದು ಹೊರಟವರು ಪರದೆಯ ಬಳಿ ನಿಂತು, ಗೋಡೆಗೆ ಹೇಳುವಂತೆ, "ಕೈಯ ಮಾತು ಆಡಬಾರದಿತ್ತು ನಾನು," ಎಂದು ಹೋದರು.

ಹೊರಗೆ ಹೇಳಿಬಿಟ್ಟ ಮೇಲೆ ಮನೆಯಲ್ಲಿ ಬಚ್ಚಿಟ್ಟುಕೊಳ್ಳುವುದು ಭಾರವೆನಿಸಿತು. ಆವತ್ತು ಸಂಜೆ ಕಟ್ಟೆಯ ಮೇಲೆ ಕುಳಿತಿದ್ದ ಮಾವನ ಮುಂದೆ ಕರೆಮ್ಮ ನಿಂತಳು.

"ಮಾವ, ಒಂದು ಮಾತು ಹೇಳಬೇಕಾಗೇದ. ಸಿಟ್ಟಾಗಬ್ಯಾಡ್ರಿ."

"ದೀಪದ ಮಾತೇನು?"

ಕರೆಮ್ಮ ಕಟ್ಟೆಯ ಅಂಚಿಗೆ ಕೂತಳು.

"ಲೇ ಹುಚ್ಚಿ, ನನಗ ಗೊತ್ತಿಲ್ಲೇನು? ನಿಮ್ಮತ್ತಿನೂ ಸರಸತಿದ್ಲು. ಆಕಿಗೂ ನನಗೂ ಜಗಳಾದ ವರ್ಷ ಬೇಕಂತ ಕಂಪ್ಲಿ ಕಡಿಗೆ ಇಟ್ಟಿದ್ಲು."

"ಹಂಗಾರ ಮತ್ತ ನೀವು ಸಸಿ ನೋಡಿ ಹೇಳೋದು..."

"ಮಳಿ ಬರೋದು ಮಳಿಗೇ ಗೊತ್ತಿರಂಗಿಲ್ಲ, ಸಸಿಗೇನ್ ಗೊತ್ತಿರತದ?" ಉಚ್ಚೆಂಗೆಪ್ಪ ರುಮಾಲು ಸರಿಮಾಡಿಕೊಂಡ. "ಮನಿ ಹೆಣ್ಮಗಳ ಮನಸು ಯಾ ಕಡಿ ಐತಿ ಅಂತ ಕೇಳಿದ್ರ ಆಕಿ ಹೇಳತಾಳೇನು? ಸಸಿ ಹೇಳತದ. ಗುಡ್ಡದ ಕಡಿ ಬಾಗಿದ್ರ ಆಕಿ ಈ ಮನಿ ಚಲೋ ಇರ್ಲಿ ಅಂತಾಳ. ನಾ ಓದಾದು ಅದನ್ನ. ನೀ ಬಂದ ಮೊದಲ್ನೇ ವರ್ಷ ಕಂಪ್ಲಿಗೆ ಬಾಗಿತ್ತಲ್ಲ, ತಿಂಗಳಗಟ್ಟಲೆ ನಿದ್ದಿ ಮಾಡಿಲ್ಲ ನಾನು. ಹುಡುಗಿಗೆ ನಮ್ಮನಿ ಸೇರಿಲ್ಲೇನೋ ಅಂತ."

"ಆ ವರ್ಷ ಜಾಗ ಸಿಕ್ಕಲ್ಲಿ ಇಟ್ಟಿದ್ನಿ ಮಾವ!"

"ಅದು ಈಗ ಹೇಳತಿ," ಎಂದ ಉಚ್ಚೆಂಗೆಪ್ಪ.

ಸೋಮವಾರ. ಲಾಂದ್ರದ ಬೆನ್ನಿಗೆ ಎರಡು ಪದರ ಕರಿ ಟೇಪು. ಮೂಲೆಯಲ್ಲಿ ಕಾವಲಿಗೆ ಒಂದು ಹೊಸ ಘಟ. ಅದು ಶನಿವಾರವೇ ಶುಭಾ ತಾನೇ ಹಾಕಿದ್ದು, ಹಾಗಾಗಿ ಉಗುರುದ್ದ ಎದ್ದ ಸಸಿಗಳು ಅಷ್ಟೇನೂ ಚೆನ್ನಾಗಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಹಬ್ಬದ ನಂತರದ ಪುಟಗಳಿಗೆಲ್ಲ ಅಡ್ಡಗೆರೆ ಎಳೆದು ಆಕೆ ಬರೆದಿದ್ದಳು: "ಲಾಂದ್ರದ ಹಿಂಬದಿಯಿಂದ ಬೆಳಕು. ಪತ್ತೆ ಮಾಡಿದವರು: ಕರೆಮ್ಮ. ವಿಧಾನ: ಘಟ." ಕರೆಮ್ಮ ಕೈ ತೊಳೆದಳು, ಒಂದೇ ಸಲ. ಹನ್ನೆರಡು ತಲೆ ಹಾರಿಸಿದಳು, ಹನ್ನೆರಡು ಬರೀ ತುಂಡು ಕೂಡಿಸಿದಳು, ಪಕ್ಕದ ಸಾಲಿಗೆ ಸಂಡೂರಿನ ಜೋಳದ ರಸ ಕೂಡಿಸಿದಳು. ಗಡಿಯಾರ ತಿರುಗಿಸಿ ಸ್ಟೂಲಿನ ಮೇಲೆ ಕೂತಳು.

ಕಣ್ಣು ಬಿಟ್ಟುಕೊಂಡೇ ಕಾಯಬೇಕೆಂದುಕೊಂಡಿದ್ದಳು. ಆದರೆ ಗೋಡೆಗಳು ಕರಗತೊಡಗಿದವು. ಕಾಳು ಬೆಚ್ಚಗಿತ್ತು. ಮೇಲೆ ಬಳೆಗಳ ಸದ್ದು, ತಲೆಯ ಮೇಲೆ ಹಪ್ಪಳದಂಥ ಮಣ್ಣು, ತಳ್ಳಿದರೆ ಈ ಸಲ ಸುಲಭವಾಗಿ ಬಿರಿಯಿತು. ಹರಿಗೋಲು ತಾನಾಗಿ ದಡ ಬಿಟ್ಟಿತು. ಒಂದು ಬಂಡೆ ರುಮಾಲು ಸುತ್ತಿಕೊಂಡಿತ್ತು. ಇನ್ನೊಂದು ಕನ್ನಡಕ ಒರೆಸುತ್ತಿತ್ತು. ಎಲ್ಲವೂ ಒಂದೊಂದಾಗಿ ತಿರುಗಿ ಬಂದು ಕ್ಷೇಮ ವಿಚಾರಿಸಿ ಹೋದವು. ನದಿಯ ತಳದಿಂದ ಮದುಮಕ್ಕಳ ಮುಖಗಳು ಮೆಲ್ಲಗೆ ಮೇಲೆದ್ದು ಬರುತ್ತಿದ್ದವು. ಅದರಲ್ಲೊಂದು ಮುಖ ಕರೆಮ್ಮನದೇ. ಇಪ್ಪತ್ತರ ಹರೆಯದ್ದು, ಇನ್ನೂ ದೀಪ ಎಲ್ಲಿಡಬೇಕೆಂದು ತಿಳಿಯದ್ದು.

ದೂರದಲ್ಲಿ ಯಾರೋ ತಟ್ಟಿದರು.

"ಬರಲೇನ್ರಿ ಕರೆಮ್ಮ?"

ಭಾರ್ಗವ್ ಅವರಿಗೆ ತಡೆದುಕೊಳ್ಳಲು ಆಗಿರಲಿಲ್ಲ. ಕರೆಮ್ಮ ಕಣ್ಣು ತೆರೆದು ಗಡಿಯಾರ ನೋಡಿದಳು. ಆಮೇಲೆ ಸಾಲುಗಳ ಕಡೆ ತಿರುಗಿದಳು. ಸಂಡೂರಿನ ಜೋಳದ ಸಾಲು ಆಗಲೇ ನಡು ಬಗ್ಗಿಸಿ ನಮಸ್ಕಾರಕ್ಕೆ ನಿಂತಿತ್ತು. ಸೊನ್ನೆ, ಹನ್ನೆರಡಕ್ಕೆ ಹನ್ನೆರಡೂ, ಯಾರಿಗೂ ಬಗ್ಗದೆ ನೆಟ್ಟಗೆ ನಿಂತಿತ್ತು.

"ತಡೀರಿ ಸರ್," ಎಂದಳು ಆಕೆ, ಸೆರಗು ಸರಿಯಾಗಿ ಹೊದ್ದುಕೊಂಡು. "ಇನ್ನೂ ಹತ್ತು ನಿಮಿಷ ಐತ್ರಿ."

ಹೊರಗೆ, ಚಲೋ ಬಿಸಿಲಿನಲ್ಲಿ, ಮುಖ್ಯಸ್ಥರು ನಿಂತು ಕಾದರು.